ಹಳೇ ರೀಲಿನ ಡಬ್ಬ ಬಿಸಾಡದ ಕಂಪನಿ

ಎಲ್ಲರಿಗೂ ನಮಸ್ಕಾರ.

ಒಂದು ಸಿನಿಮಾದ ಹೀರೋ ಯಾರು ಅಂತ ನಮಗೆ ಗೊತ್ತಿರುತ್ತದೆ. ನಿರ್ದೇಶಕರು ಗೊತ್ತು, ಹಾಡು ಬರೆದವರೂ ಗೊತ್ತು. ಆದರೆ ಅದನ್ನು ನಮ್ಮೂರಿನ ಟಾಕೀಸಿನ ತನಕ ತಂದವರು ಯಾರು? ಅದನ್ನು ಯಾರೂ ಕೇಳುವುದಿಲ್ಲ. ಅವರೇ ವಿತರಕರು, ನಮ್ಮ ಗಾಂಧಿನಗರದ ಬಾಯಲ್ಲಿ ಡಿಸ್ಟ್ರಿಬ್ಯೂಟರು. ಇವತ್ತು ಅಂಥ ಒಂದು ಪುಟ್ಟ ಕಂಪನಿಯ ಕತೆ ಹೇಳುತ್ತೇನೆ. ಅದು ಅಮೆರಿಕದ್ದು, ಹೆಸರು ಜೇನಸ್ ಫಿಲ್ಮ್ಸ್.

ಶುರುವಾದದ್ದು ಒಂದು ನಾಟಕದ ಮನೆಯಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಗ್ಗುಲಲ್ಲೇ, ಕೇಂಬ್ರಿಡ್ಜ್ ಊರಿನಲ್ಲಿ, ಬ್ರ್ಯಾಟಲ್ ಅಂತ ಒಂದು ಚಿಕ್ಕ ಥಿಯೇಟರು. ಬ್ರಯಂಟ್ ಹ್ಯಾಲಿಡೇ, ಸೈರಸ್ ಹಾರ್ವೆ ಅಂತ ಇಬ್ಬರು ಹುಡುಗರು 1953ರಲ್ಲಿ ಅಲ್ಲಿ ಸಿನಿಮಾ ತೋರಿಸಲು ಹೊರಟರು. ಹಾರ್ವೆ ಪ್ಯಾರಿಸ್ಸಿನಲ್ಲಿದ್ದು ಬಂದವರು, ಅಲ್ಲಿ ಓದಿಗಿಂತ ಸಿನಿಮಾ ನೋಡಿದ್ದೇ ಜಾಸ್ತಿ. ಆ ಥಿಯೇಟರಿನಲ್ಲಿ ಪ್ರೊಜೆಕ್ಟರು ಇದ್ದದ್ದು ನೋಡುವವರ ಬೆನ್ನ ಹಿಂದಲ್ಲ, ಪರದೆಯ ಹಿಂದೆ! ಪರೀಕ್ಷೆ ಹತ್ತಿರ ಬಂದಾಗ ಹಾಲಿವುಡ್ ನಟ ಹಂಫ್ರಿ ಬೋಗಾರ್ಟ್ ಅವರ ಹಳೆಯ ಚಿತ್ರಗಳನ್ನು ಹಾಕುತ್ತಿದ್ದರು. ಓದಿ ಓದಿ ಬೇಸತ್ತ ಹುಡುಗರು ಬಂದು ಪರದೆಯ ಜೊತೆಗೇ ಡೈಲಾಗು ಹೇಳುತ್ತಿದ್ದರಂತೆ. ನಮ್ಮಲ್ಲಿ ಅಣ್ಣಾವ್ರ ಸಿನಿಮಾಕ್ಕೆ ಹೇಳುತ್ತೇವಲ್ಲ, ಹಾಗೇ.

ಹೀಗೆ ತೋರಿಸುತ್ತಾ ಹೋದಾಗ ಅವರಿಗೆ ಒಂದು ತೊಂದರೆ ಎದುರಾಯಿತು. ತಮಗೆ ಬೇಕಾದ ಯುರೋಪಿನ ಚಿತ್ರಗಳನ್ನು ಅಮೆರಿಕಕ್ಕೆ ತರುವವರೇ ಕಡಿಮೆ. ಸರಿ, ನಾವೇ ತರೋಣ ಅಂತ 1956ರಲ್ಲಿ ಕಂಪನಿ ಕಟ್ಟಿದರು. ಜೇನಸ್ ಅಂದರೆ ರೋಮನ್ನರ ದೇವರು, ಒಂದು ಮುಖ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಅವರ ಚಿತ್ರಗಳನ್ನು ಒಂದಾದ ಮೇಲೊಂದು ತಂದರು. ಸಾವಿನ ಜೊತೆ ಚದುರಂಗ ಆಡುವ ಸೈನಿಕನ ಚಿತ್ರ ‘ದಿ ಸೆವೆಂತ್ ಸೀಲ್’ ಕೂಡ ಅಮೆರಿಕ ಮುಟ್ಟಿದ್ದು ಇವರ ಮೂಲಕವೇ. ಆಮೇಲೆ ಫ್ರಾನ್ಸಿನ ತ್ರುಫೋ, ಇಟಲಿಯ ಆಂಟೋನಿಯೋನಿ ಅವರ ಚಿತ್ರಗಳೂ ಬಂದವು.

ಇಂಥ ಚಿತ್ರಕ್ಕೂ ಜನ ಬರುತ್ತಾರೆ ಅಂತ ತಿಳಿದ ಮೇಲೆ ದೊಡ್ಡ ಸ್ಟುಡಿಯೋಗಳು ಸುಮ್ನೆ ಇರುತ್ತವೆಯೇ? ಜಾಸ್ತಿ ದುಡ್ಡು ಕೊಟ್ಟು ಹೊಸ ಚಿತ್ರಗಳನ್ನು ಎತ್ತಿಕೊಂಡವು. ದಾರಿ ಮಾಡಿದವರು ಇವರು, ಬಸ್ಸು ಓಡಿಸಿದವರು ಅವರು. 1960ರ ದಶಕದ ನಡುವಿನಲ್ಲಿ ಇಬ್ಬರೂ ಕಂಪನಿ ಮಾರಿಬಿಟ್ಟರು. ಹ್ಯಾಲಿಡೇ ದೆವ್ವದ ಸಿನಿಮಾಗಳಲ್ಲಿ ನಟಿಸಿದರು. ಹಾರ್ವೆ ಮುಂದೆ ಸೋಪಿನ ಕಂಪನಿ ಕಟ್ಟಿ ಚೆನ್ನಾಗಿಯೇ ದುಡಿದರು. ಸಿನಿಮಾದವರ ಬಾಳೇ ಹಾಗೆ ಬಿಡಿ.

ಕೊಂಡವರು ಸಾಲ್ ಟ್ಯುರೆಲ್ ಮತ್ತು ವಿಲಿಯಂ ಬೆಕರ್. ನನ್ನ ಪ್ರಕಾರ ಕತೆಯ ತಿರುಳು ಇರುವುದು ಇಲ್ಲೇ. ನಮ್ಮ ಕಡೆ ಶುಕ್ರವಾರ ಬಿಡುಗಡೆಯಾದ ಚಿತ್ರದ ಹಣೆಬರಹ ಸೋಮವಾರದ ಹೊತ್ತಿಗೆ ಗೊತ್ತಾಗುತ್ತದೆ, ಆಮೇಲೆ ಆ ಡಬ್ಬಗಳು ಯಾವ ಮೂಲೆ ಸೇರಿದವು ಅಂತ ಕೇಳುವವರಿಲ್ಲ. ಇವರಿಬ್ಬರು ಡಬ್ಬವನ್ನೇ ಆಸ್ತಿ ಅಂದುಕೊಂಡರು. ಹಳೆಯ ಒಳ್ಳೆಯ ಚಿತ್ರಗಳ ಹಕ್ಕು ಕೊಳ್ಳುವುದು, ಕೈಯಲ್ಲಿದ್ದ ಹಕ್ಕಿನ ಅವಧಿ ಮುಗಿದರೆ ಮತ್ತೆ ಕೊಳ್ಳುವುದು, ಕಾಲೇಜುಗಳಿಗೆ, ಫಿಲಂ ಸೊಸೈಟಿಗಳಿಗೆ ಪ್ರಿಂಟು ಬಾಡಿಗೆಗೆ ಕಳಿಸುವುದು, ಅದು ವಾಪಸ್ಸು ಬಂದಾಗ ಹರಿದದ್ದನ್ನು ಅಂಟಿಸಿ ಇನ್ನೊಂದು ಊರಿಗೆ ಕಳಿಸುವುದು. ಪುಡಿಗಾಸಿನ ವ್ಯಾಪಾರ, ಆದರೆ ನಿಲ್ಲದ ವ್ಯಾಪಾರ. ಜಪಾನಿನ ನಿರ್ದೇಶಕ ಕುರೊಸಾವಾ ಚಿತ್ರಕ್ಕೆ ವಯಸ್ಸಾಗುವುದಿಲ್ಲ, ಅಲ್ವಾ?

1984ರಲ್ಲಿ ಕ್ರೈಟೀರಿಯನ್ ಅಂತ ಇನ್ನೊಂದು ಕಂಪನಿ ಹುಟ್ಟಿತು. ಮನೆಯಲ್ಲಿ ಸಿನಿಮಾ ನೋಡಲು ಲೇಸರ್ ಡಿಸ್ಕ್, ಅಂದರೆ ದೊಡ್ಡ ಸಿ.ಡಿ.ಯಂಥ ತಟ್ಟೆ, ಮಾಡುವುದು ಅದರ ಕೆಲಸ. ಅದಕ್ಕೆ ಚಿತ್ರ ಬೇಕಿತ್ತು, ಜೇನಸ್ ಬಳಿ ಚಿತ್ರ ಇತ್ತು. ಎರಡೂ ಅಕ್ಕ ತಂಗಿಯರಂತೆ ಬೆಳೆದವು. ಟ್ಯುರೆಲ್ ಮತ್ತು ಬೆಕರ್ ಅವರ ಮಕ್ಕಳೇ ಮುಂದೆ ನಡೆಸಿದರು.

ಈಗ ನಮಗೆ ಹತ್ತಿರದ ಮಾತು. 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿಗೆ ಬೆಂಕಿ ಬಿತ್ತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಿಂದ ಶುರುವಾಗುವ ಮೂರು ಅಪು ಚಿತ್ರಗಳ ಮೂಲ ನೆಗೆಟಿವ್ ಅಲ್ಲಿತ್ತು. ಸುಟ್ಟು, ಮುರುಟಿ, ಮುಟ್ಟಿದರೆ ಪುಡಿಯಾಗುವ ಹಾಗಿದ್ದ ಆ ರೀಲುಗಳನ್ನು ಯಾರೋ ಪುಣ್ಯಾತ್ಮರು ಎಸೆಯಲಿಲ್ಲ. ಸುಮಾರು ಇಪ್ಪತ್ತು ವರ್ಷದ ಮೇಲೆ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಅವುಗಳನ್ನು ಮತ್ತೆ ಮೆತ್ತಗೆ ಮಾಡಿ, ಉಳಿದ ತುಂಡುಗಳನ್ನು ಕೈಯಲ್ಲೇ ರಿಪೇರಿ ಮಾಡಿದರು. ಉಳಿಯದ ಕಡೆ ಬೇರೆ ಪ್ರತಿಗಳಿಂದ ತುಂಬಿಸಿದರು. ಮಾಡಿಸಿದವರು ಕ್ರೈಟೀರಿಯನ್ ಮತ್ತು ಆಸ್ಕರ್ ಅಕಾಡೆಮಿಯ ಆರ್ಕೈವಿನವರು. 2015ರಲ್ಲಿ ಅದನ್ನು ಅಮೆರಿಕದ ಟಾಕೀಸುಗಳಿಗೆ ತಂದದ್ದು ಜೇನಸ್.

2024ರಲ್ಲಿ ಪಾಯಲ್ ಕಪಾಡಿಯಾ ಅವರ ಚಿತ್ರ ಕಾನ್ ಉತ್ಸವದಲ್ಲಿ ಗ್ರಾಂ ಪ್ರಿ, ಅಂದರೆ ಅಲ್ಲಿನ ಎರಡನೇ ದೊಡ್ಡ ಪ್ರಶಸ್ತಿ, ಪಡೆಯಿತಲ್ಲ, ಮುಂಬಯಿಯಲ್ಲಿ ದುಡಿಯುವ ಮಲಯಾಳಿ ನರ್ಸುಗಳ ಕತೆ, ಅದನ್ನು ಅಮೆರಿಕದಲ್ಲಿ ತೋರಿಸಿದ್ದೂ ಜೇನಸ್ಸೇ, ಸೈಡ್‌ಶೋ ಅನ್ನುವ ಇನ್ನೊಂದು ಚಿಕ್ಕ ಕಂಪನಿಯ ಜೊತೆ ಸೇರಿ. ಅದೇ ವರ್ಷ ಜೇನಸ್ ಮತ್ತು ಕ್ರೈಟೀರಿಯನ್ ಎರಡನ್ನೂ ಸ್ಟೀವನ್ ರೇಲ್ಸ್ ಅನ್ನುವ ಶ್ರೀಮಂತರು ಕೊಂಡರು. ಬ್ರ್ಯಾಟಲ್ ಥಿಯೇಟರು ಇನ್ನೂ ನಡೆಯುತ್ತಿದೆ, ಬೋಗಾರ್ಟ್ ಚಿತ್ರಗಳನ್ನು ಈಗಲೂ ಹಾಕುತ್ತಾರೆ.

ನಮಸ್ಕಾರ.