ಮೊದಲು ಹಿಟ್ಟೋ, ಮೊದಲು ನೀರೋ

ನಮಸ್ಕಾರ. ರಾಗಿ ಅಂಬಲಿ ಕಾಯಿಸುವವರಿಗೆ ಇದು ಗೊತ್ತು. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಗಂಟು ಕಟ್ಟುತ್ತದೆ. ತಣ್ಣೀರಿನಲ್ಲಿ ಕದಡಿ ಹುಯ್ದರೆ ನುಣ್ಣಗೆ ಬರುತ್ತದೆ. ಸಾಮಾನು ಅವೇ, ಕ್ರಮ ಮಾತ್ರ ಬೇರೆ. ಇದಕ್ಕೆ ಪೇಟೆಂಟ್ ಕೇಳಿದರೆ ನಮ್ಮಜ್ಜಿ ನಕ್ಕುಬಿಡುತ್ತಿದ್ದರು.

ಪೀಣ್ಯದಲ್ಲಿ ಅಂಟು ತಯಾರಿಸುವ ಒಬ್ಬರು ನನ್ನ ಹತ್ತಿರ ಬಂದಿದ್ದರು. ಅಮೆರಿಕದಲ್ಲಿ ಹಾಕಿದ್ದ ಅರ್ಜಿ ಎರಡು ಸಲ ತಿರಸ್ಕಾರವಾಗಿತ್ತು. ಗಟ್ಟಿ ಮಾಡುವ ಪುಡಿಯನ್ನು ಕೊನೆಗೆ ಹಾಕುವುದು ಅವರ ಹೊಸತನ. ಅರ್ಜಿ ಪರೀಕ್ಷಿಸುವ ಅಲ್ಲಿನ ಎಕ್ಸಾಮಿನರ್ ಎರಡು ಹಳೇ ಪೇಟೆಂಟ್ ಮುಂದಿಟ್ಟಿದ್ದರು. ಒಂದರಲ್ಲಿ ಅದೇ ಸಾಮಾನು, ಪುಡಿ ಮೊದಲು. ಇನ್ನೊಂದರಲ್ಲಿ, ಪುಡಿ ಕೊನೆಗೆ ಹಾಕಿದರೆ ಕಲಸೋದು ಸುಲಭ ಅಂತ ಇತ್ತು. ಎರಡನ್ನೂ ಜೋಡಿಸಿದರೆ ಕಸುಬು ಬಲ್ಲ ಯಾರಿಗಾದರೂ ಹೊಳೆಯುತ್ತದೆ ಎಂಬುದು ಎಕ್ಸಾಮಿನರ್ ತೀರ್ಮಾನ.

“ಅಷ್ಟು ಸುಲಭ ಇದ್ದಿದ್ರೆ ಇಷ್ಟು ದಿನ ಯಾಕ್ ಸಾರ್ ಯಾರೂ ಮಾಡ್ಲಿಲ್ಲ? ಅಪೀಲು ಹಾಕೇಬಿಡೋಣ” ಅಂದರು.

ಕೋಪ ಸಹಜವೇ. ಆದರೆ ಕಲಸುವ ಕ್ರಮ ಬದಲಿಸಿದ್ದು ಮೇಲ್ನೋಟಕ್ಕೆ ಮಾಮೂಲಿ ಎಂದು ಅಲ್ಲಿನ ಕೋರ್ಟು 1930ರಲ್ಲೇ ಹೇಳಿದೆ. ಹಳೇ ಪೇಟೆಂಟ್‌ಗಳನ್ನು ಜೋಡಿಸಲು ಎಕ್ಸಾಮಿನರ್ ಕೊಡುವ ಕಾರಣ ನಿಮ್ಮ ಕಾರಣವೇ ಆಗಿರಬೇಕಿಲ್ಲ. ಇದು ಅಲ್ಲಿನ ಸುಪ್ರೀಂ ಕೋರ್ಟಿನ 2007ರ ತೀರ್ಪಿನ ಮಾತು. ಹಾಗಂತ ಸುಮ್ನೆ ‘ಗೊತ್ತಿದ್ದದ್ದೇ’ ಅಂದರೆ ಸಾಲದು, ಕಾರಣ ಬಿಡಿಸಿ ಹೇಳಲೇಬೇಕು. ಅಪೀಲು ಮಂಡಳಿಯ ಮೂವರು ನ್ಯಾಯಾಧೀಶರು ತೂಗಿ ನೋಡುವುದು ಅದನ್ನೇ. ಇಲ್ಲಿ ಕಾರಣ ಗಟ್ಟಿಯಾಗಿಯೇ ಇತ್ತು.

ಅವರು ಮೇಜಿನ ಮೇಲೆ ಎರಡು ಬಾಟಲಿ ಇಟ್ಟರು. ಪುಡಿ ಮೊದಲು ಹಾಕಿದ್ದರ ತಳದಲ್ಲಿ ಬೆರಳಗಲ ಗಷ್ಟು. ಪುಡಿ ಕೊನೆಗೆ ಹಾಕಿದ್ದು ಮಾತ್ರ ತಿಂಗಳಾದರೂ ತಳ ಕಟ್ಟಿರಲಿಲ್ಲ. ಅಂಬಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ ನೋಡಿ! ಕಲಸೋದು ಸುಲಭ ಅಂತ ಹಳೇ ಕಾಗದ ಹೇಳಿತ್ತು, ತಳ ಕಟ್ಟಲ್ಲ ಅಂತ ಎಲ್ಲೂ ಹೇಳಿರಲಿಲ್ಲ.

“ಎಷ್ಟು ಡಿಗ್ರಿಯಲ್ಲಿ ಕಲಸಿದ್ರಿ?”

“ನಲವತ್ತು.”

ಅರ್ಜಿಯಲ್ಲಿ ಮಾತ್ರ ‘ಯಾವುದೇ ಉಷ್ಣತೆ’ ಎಂದು ಬರೆದಿತ್ತು. ಒಂದು ಬಾಟಲಿ ತೋರಿಸಿ ಊರೆಲ್ಲ ನಂದು ಅಂದರೆ ಯಾರು ಒಪ್ಪುತ್ತಾರೆ? ಅಪೀಲಿನಲ್ಲಿ ಹೊಸ ಪ್ರಯೋಗ ತೋರಿಸಲು ಸಾಮಾನ್ಯವಾಗಿ ಬಿಡುವುದೂ ಇಲ್ಲ. ಫೀಸು ಕಟ್ಟಿ ಮತ್ತೆ ಎಕ್ಸಾಮಿನರ್ ಮುಂದೆಯೇ ಹೋಗಿ ಎಂದೆ.

ನಮ್ಮಲ್ಲೂ ಸಲೀಸಲ್ಲ. ಬೆಂಗಳೂರಿನವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಬರೀ ಬೆರಕೆಗೆ ಪೇಟೆಂಟ್ ಇಲ್ಲ ಎಂದು 1970ರ ಕಾಯ್ದೆಯ 3ನೇ ಸೆಕ್ಷನ್ನೇ ಹೇಳುತ್ತದೆ. 2021ರಿಂದ ಅಪೀಲು ಹೈಕೋರ್ಟಿಗೆ, ಅದೂ 3 ತಿಂಗಳೊಳಗೆ.

ಎರಡು ತಿಂಗಳ ಮೇಲೆ ಅವರು ಮತ್ತೆ ಬಂದರು. ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಒಳಗೆ ಹನ್ನೆರಡು ಬಾಟಲಿ, ಒಂದೊಂದಕ್ಕೂ ಡಿಗ್ರಿ ಬರೆದ ಚೀಟಿ. ಅರವತ್ತು ಡಿಗ್ರಿಯದು ತಳ ಕಟ್ಟಿತ್ತು. “ಇದನ್ನ ಬಿಟ್ಟುಬಿಡೋಣ ಸಾರ್” ಅಂತ ಅವರೇ ಅದನ್ನು ಪಕ್ಕಕ್ಕೆ ಎತ್ತಿಟ್ಟರು.