ಎನ್.ಎ. ಆಗೈತಿ ಅಂದ್ರ ಮನಿ ಕಟ್ಟಬಹುದೇನ್ರಿ?

ಈಗ ನೀವು ನೋಡ್ತಿರೋದು ಕೊಪ್ಪಳದಿಂದ ಗಂಗಾವತಿ ಕಡೆ ಹೋಗೋ ರಸ್ತೆ ಪಕ್ಕದ ಹೊಲ. ಮೊನ್ನಿ ಮೊನ್ನಿತನಕ ಸಜ್ಜಿ ಬೆಳೀತಿದ್ರು. ಈಗ ನೋಡ್ರಿ, ಬಣ್ಣ ಬಳಿದ ಕಲ್ಲು ನೆಟ್ಟಾರ, ನಡುವ ಮೊರಂ ಹಾಕ್ಯಾರ, ಮುಂದ ಒಂದು ಕಮಾನು. ಬೋರ್ಡಿನ ಮ್ಯಾಲ ದೊಡ್ಡದಾಗಿ 'ಎನ್.ಎ. ಪ್ಲಾಟ್'. ಇಷ್ಟು ನೋಡಿದ ಕೂಡಲೇ ನಮ್ಮ ಮಂದಿ ಮುಂಗಡ ಕೊಟ್ಟುಬಿಡ್ತಾರ. ನನಗ ಕಳವಳ ಆಗೋದು ಅಲ್ಲೇ.

ಎನ್.ಎ. (ನಾನ್ ಅಗ್ರಿಕಲ್ಚರಲ್) ಅಂದ್ರ ಭೂ ಪರಿವರ್ತನೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಡಿ.ಸಿ. ಕೊಡೋ ಆದೇಶ. ಈ ಸರ್ವೆ ನಂಬರಿನ ಜಮೀನನ್ನ ಒಕ್ಕಲುತನ ಬಿಟ್ಟು ಇಂಥಾ ಕೆಲಸಕ್ಕ ಬಳಸಬಹುದು ಅಂತ ಹೇಳ್ತೈತಿ, ಅಷ್ಟ. ಹೊಲಾನ ಪ್ಲಾಟ್ ಮಾಡಿ ಮಾರಾಕ ಅದು ಸಾಕಾಗೂದಿಲ್ಲ. ಮನಿ ಕಟ್ಟಾಕಂತೂ ಇಲ್ಲವೇ ಇಲ್ಲ. 2020ರಾಗ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ಆದ ಮ್ಯಾಲ ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು, ಖರೆ. ಕೊಳ್ಳೋದು ಬ್ಯಾರೆ, ಅದರಾಗ ಮನಿ ಕಟ್ಟೋದು ಬ್ಯಾರೆ.

ಪ್ಲಾಟ್ ಮಾಡಾಕ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಐತಿ. ಲೇಔಟಿಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಬಳ್ಳಾರಿ ಕಡೆಯವರು ತಮ್ಮ ನಗರಾಭಿವೃದ್ಧಿ ಪ್ರಾಧಿಕಾರಕ್ಕ ಬುಡಾ ಅಂತಾರಲ್ಲ, ಅಂಥಾದ್ದು. ಅದಕ್ಕೂ ಮೊದಲ ಒಂದು ಕೆಲಸ ಮಾಡ್ರಿ. ಪ್ರಾಧಿಕಾರದ ಕಚೇರಿಗೆ ಸರ್ವೆ ನಂಬರ್ ತಗೊಂಡು ಹೋಗಿ, ಮಹಾಯೋಜನೆ (ಮಾಸ್ಟರ್ ಪ್ಲ್ಯಾನ್) ನಕ್ಷೆದಾಗ ಆ ಜಾಗ ಯಾವ ಬಣ್ಣದಾಗ ಐತಿ ಅಂತ ಕೇಳ್ರಿ. ಹಳದಿ ಇದ್ರ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಹಸಿರು, ಅಂದ್ರ ಒಕ್ಕಲುತನ ಇಲ್ಲಾ ಉದ್ಯಾನ, ಬಂತಂದ್ರ ಅಲ್ಲೇ ನಿಂದರ್ರಿ. ಮೊದಲ ಭೂ ಬಳಕೆ ಬದಲಾವಣೆ ಆಗಬೇಕು, ಆಮ್ಯಾಲ ಉಳಿದ ಮಾತು.

ಇನ್ನ ಲೇಔಟ್ ನಕ್ಷೆ. ಮಾರಾವರು ತೋರಿಸೋ ಬಣ್ಣದ ಬ್ರೋಷರ್ ಅಲ್ರಿ, ಸಹಿ, ಮೊಹರು, ಆದೇಶ ಸಂಖ್ಯೆ ಇರೋ ಮಂಜೂರಾದ ನಕ್ಷೆ. ಅದನ್ನ ಕೈಯಾಗ ಹಿಡಕೊಂಡು ಜಾಗದಾಗ ನಿಂತು ನೋಡ್ರಿ. ನಕ್ಷೆದಾಗ ಒಂದು ಮೂಲಿಗೆ 'ಉದ್ಯಾನ' ಅಂತ, ಇನ್ನೊಂದು ಕಡೆ 'ನಾಗರಿಕ ಸೌಲಭ್ಯ' ಅಂತ ಬರದಿರ್ತಾರ. ಆ ಜಾಗ, ರಸ್ತೆ ಎಲ್ಲಾ ಪ್ರಾಧಿಕಾರಕ್ಕ ಇಲ್ಲಾ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ನಮ್ಮ ಬಳಗದ ಒಬ್ಬರಿಗೆ ಮೂಲಿ ಪ್ಲಾಟ್ ಅಂತ ಹೆಚ್ಚಿನ ರೇಟಿಗೆ ಮಾರಿದ್ದು ಇಂಥಾ ಉದ್ಯಾನದ ಜಾಗನ. ಕಾಗದ ನೋಂದಣಿ ಆಗೈತಿ, ದುಡ್ಡು ಹೋಗೈತಿ, ಕಟ್ಟಡ ಪರವಾನಗಿ ಇವತ್ತಿಗೂ ಸಿಕ್ಕಿಲ್ಲ. ಆ ಮನಿಯವರು ಕೂಲಿ ಮಾಡಿ ಕೂಡಿಟ್ಟ ರೊಕ್ಕ ಅದು.

ಪಹಣಿನೂ ಓದ್ರಿ. 9ನೇ ಕಲಂನಾಗ ಮಾಲೀಕರ ಹೆಸರು, 11ರಾಗ ಹಕ್ಕು ಮತ್ತು ಋಣ. ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾದ್ರ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಿದ ವ್ಯವಹಾರ ನಿಲ್ಲೂದಿಲ್ಲ. ಸರ್ವೆ ನಂಬರಿನಾಗ ಒಂದು ಭಾಗ ಅಷ್ಟ ಕೊಳ್ತಿದ್ರ 11ಇ ನಕ್ಷೆ, ಅಂದ್ರ ಆ ಭಾಗ ಅಳದು ತಯಾರು ಮಾಡಿದ ಸರ್ವೆ ನಕ್ಷೆ, ಬೇಕಾಗ್ತೈತಿ. ಪಂಚಾಯ್ತಿ ಹದ್ದಿನಾಗ ಇದ್ರ ಪಂಚಾಯ್ತಿ ಆಸ್ತಿ ದಾಖಲೆ ಕೊಡೋ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳ್ರಿ. ಕಟ್ಟಡ ಪರವಾನಗಿ ಬರೋದು ಇದೆಲ್ಲಾ ಮುಗಿದ ಮ್ಯಾಲ.

ಹಂಪಿಯಿಂದ ಹೊಳಿ ಆಚೆ ಇರೋ ಆನೆಗೊಂದಿ, ಸಾಣಾಪುರ ಕಡೆ ಜಾಗ ನೋಡಾವರು ಇದನ್ನ ಲಕ್ಷ್ಯ ಕೊಟ್ಟು ಕೇಳ್ರಿ. ಅಲ್ಲಿ 2002ರ ಕಾಯ್ದೆಯ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗ ಹೊಸ ಕಟ್ಟಡಕ್ಕ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ವಿರುಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಾಗ ಕೆಡವಿದ್ದು ನಮ್ಮ ಜಿಲ್ಲೆದಾಗ. ಹಂಪಿ ಉಳೀಬೇಕು, ಅದರಾಗ ನನಗ ಎರಡು ಮಾತಿಲ್ಲ. ಆದ್ರ ತಲತಲಾಂತರದಿಂದ ಅಲ್ಲೇ ಬಾಳೋ ಮನಿ, ಮಗನ ಲಗ್ನಕ್ಕ ಒಂದು ಕೋಲಿ ಕಟ್ಟಿಸಬೇಕಂದ್ರ ಕಚೇರಿಯಿಂದ ಕಚೇರಿಗೆ ಅಲೀಬಾರದು. ಅಂಥಾವರ ಅರ್ಜಿ ಗ್ರಾಮ ಪಂಚಾಯ್ತಿದಾಗೇ ತಗೊಂಡು, ಇಂಥಾ ದಿನದೊಳಗ ಉತ್ತರ ಕೊಡ್ತೀವಿ ಅಂತ ಬರದು ಕೊಡೋ ವ್ಯವಸ್ಥಾ ಆಗಬೇಕು.

ನಿಮ್ಮ ಊರಾಗ ಮಂಜೂರಾದ ನಕ್ಷೆ ಕೇಳಿದ್ರ ಮಾರಾವರು ಏನಂತಾರ, ಕಮೆಂಟಿನಾಗ ಬರೀರಿ. ಮುಂದಿನ ವಿಡಿಯೋದಾಗ 11ಇ ನಕ್ಷೆಗೆ ಅರ್ಜಿ ಹಾಕೋದನ್ನ ತೋರಿಸ್ತೀನಿ.