ಆಳದ ಎಕೋ ಯಾಕೆ ಕುಗ್ಗುತ್ತೆ? ಅಲ್ಟ್ರಾಸೋನಿಕ್ ಟೆಸ್ಟಿಂಗ್‌ನಲ್ಲಿ ಟಿಸಿಜಿ

[ಕತ್ತಲೆ. ಹೊಲದ ಮೇಲೆ ಟಾರ್ಚ್ ಬೆಳಕು ಹಾಯುತ್ತದೆ. ದೂರದಲ್ಲಿ ಎರಡು ಕಣ್ಣು ಮಿಣುಕುತ್ತವೆ.]

ಹಗ್ಗ ಬಿಚ್ಚಿಕೊಂಡು ಹೋದ ಹಸು ಹುಡುಕೋಕೆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿದ್ದೀರಾ? ಹತ್ತಿರ ಇದ್ರೆ ಅದರ ಕಣ್ಣು ಕೆಂಡದ ಹಾಗೆ ಹೊಳೆಯುತ್ತೆ. ಅದೇ ಹಸು ಹೊಲದ ಆ ತುದಿ ಬದುವಿನ ಹತ್ತಿರ ನಿಂತಿದ್ರೆ ಕಣ್ಣು ಕಂಡರೆ ಕಂಡಿತು, ಇಲ್ಲದಿದ್ರೆ ಇಲ್ಲ. ಕಣ್ಣೇನೂ ಚಿಕ್ಕದಾಗಿಲ್ಲ. ಬೆಳಕು ಹೋಗ್ತಾ ಹರಡಿತು, ವಾಪಸ್ ಬರ್ತಾ ಮತ್ತೆ ಹರಡಿತು, ಅಷ್ಟೇ.

ಉಕ್ಕಿನೊಳಗೆ ಶಬ್ದ ಬಿಟ್ಟು ಬಿರುಕು ಹುಡುಕುವಾಗಲೂ ಆಗೋದು ಇದೇ. ಎಕೋ ಚಿಕ್ಕದು ಅಂದ ಮಾತ್ರಕ್ಕೆ ದೋಷ ಚಿಕ್ಕದಲ್ಲ, ಅದು ದೂರ ಇರಬಹುದು. ದೂರದಿಂದ ಆಗುವ ಈ ಮೋಸವನ್ನ ಮೆಷಿನ್ನಿನಲ್ಲೇ ಸರಿ ಮಾಡೋ ಸೌಲಭ್ಯದ ಹೆಸರು ಟೈಮ್ ಕರೆಕ್ಟೆಡ್ ಗೇನ್, ಟಿಸಿಜಿ. ಇವತ್ತಿನ ವಿಡಿಯೋ ಅದರ ಬಗ್ಗೆ.

ನಮಸ್ಕಾರ.

[ಮೇಜಿನ ಮೇಲೆ ಉಕ್ಕಿನ ಬ್ಲಾಕ್. ಪಕ್ಕದಲ್ಲಿ ಪ್ರೋಬ್, ಕೇಬಲ್, ಕಪ್ಲಂಟ್ ಡಬ್ಬಿ.]

ಪ್ರೋಬ್ ಅಂದ್ರೆ ಶಬ್ದ ಬಿಟ್ಟು, ವಾಪಸ್ ಬಂದ ಎಕೋ ಹಿಡಿಯೋ ತುಂಡು. ನೇರ ಕೆಳಗೆ ಶಬ್ದ ಬಿಡೋದು ನೇರ ಪ್ರೋಬ್. ಉಕ್ಕಿನಲ್ಲಿ ನೇರ ಪ್ರೋಬ್‌ನ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತೆ. 50 ಮಿ.ಮೀ. ಆಳದಲ್ಲಿರೋ ಹೋಲ್‌ಗೆ ತಾಗಿ ವಾಪಸ್ ಬರೋಕೆ 17 ಮೈಕ್ರೋಸೆಕೆಂಡ್ ಹಿಡಿಯುತ್ತೆ. 200 ಮಿ.ಮೀ. ಆಳಕ್ಕೆ 68 ಮೈಕ್ರೋಸೆಕೆಂಡ್. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಯಾಕೆಂದ್ರೆ ಮೆಷಿನ್‌ಗೆ ಆಳ ಅಂದ್ರೇನು ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ಸಮಯ ಮಾತ್ರ. ತಡವಾಗಿ ಬಂದಿದ್ದು ದೂರದ್ದು.

ಈಗ ಒಂದೇ ಸೈಜಿನ ಮೂರು ಹೋಲ್ ತಗೊಳ್ಳೋಣ. ಬ್ಲಾಕ್‌ನ ಪಕ್ಕದಿಂದ ಅಡ್ಡಲಾಗಿ ಕೊರೆದಿದ್ದು, ಸೈಡ್ ಡ್ರಿಲ್ಡ್ ಹೋಲ್. ಆಳ 50, 100, 200 ಮಿ.ಮೀ. ಮೊದಲನೆಯದರ ಎಕೋ ಪರದೆಯ 80 ಪರ್ಸೆಂಟ್ ಎತ್ತರಕ್ಕೆ ಬರೋ ಹಾಗೆ ಗೇನ್, ಅಂದ್ರೆ ಎಕೋವನ್ನ ಎಷ್ಟು ಹಿಗ್ಗಿಸಬೇಕು ಅನ್ನೋ ಸೆಟ್ಟಿಂಗ್, ಇಟ್ಟೆ. ಗೇನ್ ಮುಟ್ಟದೆ ಎರಡನೆಯದರ ಮೇಲೆ ಹೋದೆ. ಲೆಕ್ಕದ ಪ್ರಕಾರ ಅದು 28 ಪರ್ಸೆಂಟ್. ಮೂರನೆಯದು 10.

[ಪರದೆ: ಮೂರು ಎಕೋ, ಮೆಟ್ಟಿಲ ಹಾಗೆ ಇಳಿಯುತ್ತವೆ.]

ಪ್ರೋಬ್‌ನಿಂದ ಸಾಕಷ್ಟು ದೂರ ಹೋದಮೇಲೆ, ಈ ತರಹದ ಹೋಲ್‌ನ ಎಕೋ ದೂರ ಎರಡರಷ್ಟಾದಾಗೆಲ್ಲ 9 ಡಿಬಿ ಬೀಳುತ್ತೆ. ತಳ ಚಪ್ಪಟೆಯಾಗಿರೋ ಹೋಲ್ ಆದ್ರೆ 12 ಡಿಬಿ. ಪ್ಲೇಟಿನ ಹಿಂಬದಿ ಗೋಡೆ, ಅಂದ್ರೆ ಬ್ಯಾಕ್‌ವಾಲ್, ಬರೀ 6. ಡಿಬಿ ಲೆಕ್ಕ ರೂಢಿಯಿಲ್ಲದವರಿಗೆ: 6 ಡಿಬಿ ಬಿದ್ರೆ ಎತ್ತರ ಅರ್ಧ, 20 ಡಿಬಿ ಬಿದ್ರೆ ಹತ್ತನೇ ಒಂದು. ಇದು ಶಬ್ದ ಹರಡೋದರ ಲೆಕ್ಕ ಮಾತ್ರ. ಇದರ ಜೊತೆಗೆ ಲೋಹದ ಕಣಗಳು ಶಬ್ದವನ್ನ ಚದುರಿಸುತ್ತವೆ, ಸ್ವಲ್ಪ ನುಂಗುತ್ತವೆ. ಹಾಗಾಗಿ ನಿಜವಾದ ಇಳಿತ ಇನ್ನೂ ಜಾಸ್ತಿ.

ಹತ್ತಿರದ ಕಥೆ ಬೇರೆ. 10 ಮಿ.ಮೀ. ಅಗಲದ 4 ಮೆಗಾಹರ್ಟ್ಸ್ ಪ್ರೋಬ್ ಆದ್ರೆ ಉಕ್ಕಿನಲ್ಲಿ ಮೊದಲ 17 ಮಿ.ಮೀ. ನಿಯರ್ ಫೀಲ್ಡ್. ಅಲ್ಲಿ ಶಬ್ದದ ಅಲೆಗಳು ಒಂದರ ಮೇಲೊಂದು ಬಿದ್ದು ಎಕೋ ಏರಿಳಿಯುತ್ತೆ, ಈ ಸರಳ ಲೆಕ್ಕಕ್ಕೆ ಸಿಗಲ್ಲ. ಅದಕ್ಕೇ ಬರೀ ಲೆಕ್ಕ ನಂಬದೆ ಬ್ಲಾಕ್ ಕೊರೆದು ಅಳೆಯೋದು.

ಹಳೆಯ ದಾರಿ ಡ್ಯಾಕ್, ಡಿಸ್ಟೆನ್ಸ್ ಆಂಪ್ಲಿಟ್ಯೂಡ್ ಕರೆಕ್ಷನ್. ಆ ಮೂರು ಎಕೋಗಳ ತುದಿ ಸೇರಿಸಿ ಪರದೆ ಮೇಲೆ ಇಳಿಜಾರು ಗೆರೆ ಎಳೀತೀವಿ. ಗೆರೆ ದಾಟಿದ್ರೆ ಆ ಹೋಲ್‌ಗಿಂತ ಜೋರಾದ ಎಕೋ, ಕೆಳಗಿದ್ರೆ ಕಮ್ಮಿ. ಒಳ್ಳೇ ವಿಧಾನ, ನಾನು ಕಲಿತಿದ್ದೂ ಅದರಲ್ಲೇ. ಆದ್ರೆ ತೊಡಕು ಗೆರೆಯ ಬಲ ತುದಿಯಲ್ಲಿ ಇದೆ.

ಪ್ರೆಶರ್ ವೆಸಲ್, ಅಂದ್ರೆ ಒತ್ತಡ ತಡೆಯೋ ಟ್ಯಾಂಕ್‌ಗಳ ಅಮೆರಿಕದ ಆಸ್ಮೆ ಕೋಡ್ ಪ್ರಕಾರ, ರೆಫರೆನ್ಸ್ ಮಟ್ಟದ, ಅಂದ್ರೆ ಆ ಗೆರೆಯ, 20 ಪರ್ಸೆಂಟ್ ದಾಟಿದ ಪ್ರತಿ ಎಕೋವನ್ನೂ ಏನು ಅಂತ ಪರಿಶೀಲಿಸಬೇಕು. ಗೆರೆ 80ರಲ್ಲಿ ಇರೋ ಕಡೆ ಅದು 16. ಪರದೆ ಮೇಲೆ ಆರಾಮಾಗಿ ಕಾಣುತ್ತೆ. ಗೆರೆ 10ಕ್ಕೆ ಇಳಿದಿರೋ ಕಡೆ? 2 ಪರ್ಸೆಂಟ್. ಅದು ಬೇಸ್‌ಲೈನ್ ಮೇಲೆ ಒಂದು ಸಣ್ಣ ಉಬ್ಬು. ಬೆಳಿಗ್ಗೆಯಿಂದ ಪ್ರೋಬ್ ಆಡಿಸಿ ಸೋತ ಕಣ್ಣಿಗೆ ಅದು ಕಾಣಲ್ಲ.

[ಪರದೆ: ಇಳಿಜಾರು ಗೆರೆ ನಿಧಾನವಾಗಿ ಎದ್ದು ಅಡ್ಡಗೆರೆ ಆಗುತ್ತದೆ. ಮೂರೂ ಎಕೋ 80ಕ್ಕೆ ಬರುತ್ತವೆ.]

ಟಿಸಿಜಿ ಆ ಗೆರೆಯನ್ನ ಎತ್ತಿ ನೇರ ಮಾಡುತ್ತೆ. ಪ್ರತಿ ಪಲ್ಸ್ ಹೊರಟಾಗಲೂ ಮೆಷಿನ್ ತನ್ನ ಗೇನನ್ನ ಸಮಯದ ಜೊತೆ ಏರಿಸ್ತಾ ಹೋಗುತ್ತೆ. 17ನೇ ಮೈಕ್ರೋಸೆಕೆಂಡಿನಲ್ಲಿ ಏನೂ ಸೇರಿಸಲ್ಲ, 68ನೇ ಮೈಕ್ರೋಸೆಕೆಂಡಿಗೆ 18 ಡಿಬಿ ಸೇರಿಸಿರುತ್ತೆ. ಅಂದ್ರೆ ಹತ್ತಿರ ಹತ್ತಿರ ಎಂಟು ಪಟ್ಟು. ಮುಂದಿನ ಪಲ್ಸ್‌ಗೆ ಮತ್ತೆ ಮೊದಲಿಂದ. ಸೆಕೆಂಡಿಗೆ ನೂರಾರು ಸಲ ಇದು ನಡೀತಾ ಇರುತ್ತೆ.

ಸೋನೋಗ್ರಫಿ ಮೆಷಿನ್ ಪಕ್ಕದಲ್ಲಿ ಸಾಲಾಗಿ ಪುಟ್ಟ ಸ್ಲೈಡರ್‌ಗಳನ್ನ ನೋಡಿರಬಹುದು. ಅವೂ ಇದೇ ಕೆಲಸ ಮಾಡುತ್ತವೆ. ಅಲ್ಲಿ ಚಿತ್ರ ಎಲ್ಲ ಆಳದಲ್ಲೂ ಒಂದೇ ಸಮ ಕಾಣಲಿ ಅಂತ ಡಾಕ್ಟರು ಕಣ್ಣಂದಾಜಲ್ಲಿ ಸರಿ ಮಾಡ್ಕೋತಾರೆ. ನಮಗೆ ಕಣ್ಣಂದಾಜು ನಡೆಯಲ್ಲ. ನಾವು ಎತ್ತರ ಓದಿ ವೆಲ್ಡ್ ಪಾಸಾ ಫೇಲಾ ಅಂತ ಬರೀತೀವಿ.

[ಕೈ ಹತ್ತಿರದಿಂದ. ಬ್ಲಾಕ್ ಮೇಲೆ ಕಪ್ಲಂಟ್ ಸವರುತ್ತದೆ.]

ಮಾಡೋ ರೀತಿ ನೋಡಿ. ಕಪ್ಲಂಟ್, ಅಂದ್ರೆ ಪ್ರೋಬ್‌ಗೂ ಲೋಹಕ್ಕೂ ನಡುವೆ ಗಾಳಿ ಉಳಿಯದ ಹಾಗೆ ಹಚ್ಚೋ ಜೆಲ್, ತೆಳ್ಳಗೆ ಸವರಿದೆ. ಪ್ರೋಬ್ ಇಟ್ಟು, ಬೆರಳಲ್ಲಿ ಒಂದೇ ಸಮ ಒತ್ತಿ, ಮುಂದೆ ಹಿಂದೆ ಆಡಿಸ್ತೀನಿ. ಎಕೋ ಏರ್ತಾ ಇದೆ... ಏರ್ತಾ ಇದೆ... ಈಗ ಇಳೀತು. ಒಂದು ಕೂದಲೆಳೆ ಹಿಂದಕ್ಕೆ. ಇಲ್ಲಿ. ಇದು ತುದಿ. ಪ್ರೋಬನ್ನ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿ ಇನ್ನೂ ಏರುತ್ತಾ ಅಂತ ನೋಡ್ತೀನಿ. ಏರಲಿಲ್ಲ. 80ಕ್ಕೆ ತಂದು ಪಾಯಿಂಟ್ ಸೇರಿಸ್ತೀನಿ. ಮುಂದಿನ ಹೋಲ್, ಮತ್ತೆ ಇದೇ. ಎಲ್ಲಾ ಮುಗಿದ ಮೇಲೆ ಟಿಸಿಜಿ ಆನ್ ಮಾಡಿ ಮೊದಲ ಹೋಲ್‌ನಿಂದ ಪುನಃ ಬರಬೇಕು. ಪ್ರತಿಯೊಂದೂ 80ರಲ್ಲಿ ನಿಲ್ಲಬೇಕು. ಈ ಎರಡನೇ ಸುತ್ತನ್ನ ತುಂಬಾ ಜನ ಬಿಡ್ತಾರೆ, ದಯವಿಟ್ಟು ಬಿಡಬೇಡಿ.

ಫೇಸ್ಡ್ ಅರೇ, ಅಂದ್ರೆ ಒಂದೇ ಪ್ರೋಬ್‌ನಿಂದ ಹಲವು ಕೋನದಲ್ಲಿ ಶಬ್ದ ಬಿಡೋ ವಿಧಾನ, ಮಾಡುವವರಿಗಂತೂ ಟಿಸಿಜಿ ಇಲ್ಲದೆ ಕೆಲಸವೇ ಇಲ್ಲ. ಅಲ್ಲಿ ಎಕೋದ ಎತ್ತರವೇ ಬಣ್ಣ ಆಗುತ್ತೆ. ಇಳಿಜಾರು ಗೆರೆಯನ್ನ ಬಣ್ಣದ ಮೇಲೆ ಎಳೆಯೋದು ಹೇಗೆ? 40ರಿಂದ 70 ಡಿಗ್ರಿವರೆಗೆ ಒಂದೊಂದು ಡಿಗ್ರಿಗೂ ಒಂದು ಬೀಮ್ ಅಂದ್ರೆ 31 ಬೀಮ್, ಅಷ್ಟಕ್ಕೂ ಅದರದರದೇ ಟಿಸಿಜಿ ಬೇಕು.

ಇದು ಮಾಡದ ಕೆಲಸವನ್ನೂ ಹೇಳಿಬಿಡ್ತೀನಿ. ಗೇನ್ ಏರಿದಾಗ ದೋಷದ ಎಕೋ ಮಾತ್ರ ಏರಲ್ಲ, ಪರದೆ ತಳದ ಹುಲ್ಲೂ, ಅಂದ್ರೆ ಲೋಹದ ಕಣಗಳಿಂದ ಬರೋ ಗದ್ದಲವೂ, ಏರುತ್ತೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್‌ನಲ್ಲಿ, ದಪ್ಪ ಕಣದ ಕಾಸ್ಟಿಂಗ್‌ನಲ್ಲಿ ಬಲಗಡೆ ಹುಲ್ಲು ಮೊಣಕಾಲುದ್ದ ಬೆಳೆದುಬಿಡುತ್ತೆ. ಆಗ ಗೇನ್ ಕೇಳಬೇಡಿ, ಪ್ರೋಬ್ ಬದಲಿಸಿ. ಫ್ರೀಕ್ವೆನ್ಸಿ ಇಳಿಸಿ. ಇನ್ನೊಂದು, ಕೊನೆಯ ಪಾಯಿಂಟ್‌ನಿಂದ ಆಚೆ ನಿಮ್ಮ ಹತ್ತಿರ ಅಳತೆ ಇಲ್ಲ. ಅಲ್ಲಿ ಕಂಡ ಎತ್ತರ ನಂಬೋ ಹಾಗಿಲ್ಲ.

ಇದನ್ನ ನಾನು ಕಲಿತಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ.

[ಹಿನ್ನೆಲೆ ಸದ್ದು ನಿಲ್ಲುತ್ತದೆ. ಕ್ಯಾಮೆರಾ ಮುಖದ ಮೇಲೆ.]

40 ಮಿ.ಮೀ. ಪ್ಲೇಟಿನ ವೆಲ್ಡ್. ವೆಲ್ಡ್‌ಗೆ ಶಬ್ದವನ್ನ ಓರೆಯಾಗಿ ಬಿಡೋ ಪ್ರೋಬ್ ಬಳಸ್ತೀವಿ. ಹಿಂದಿನ ದಿನ 45 ಡಿಗ್ರಿ ಪ್ರೋಬ್‌ಗೆ ಮಾಡಿಟ್ಟ ಸೆಟಪ್ ಫೈಲ್ ತೆರೆದೆ. ಪ್ರೋಬ್ 70 ಡಿಗ್ರಿದು ಹಾಕಿದ್ದೆ. ಕೋನ ತಿದ್ದಿದೆ, ಆದ್ರೆ ಟಿಸಿಜಿ ಹಳೆಯದೇ ಉಳೀತು. ಆ ಫೈಲಿನ ಕೊನೆ ಪಾಯಿಂಟ್ ಶಬ್ದದ ದಾರಿಯಲ್ಲಿ 70 ಮಿ.ಮೀ. ಆಸುಪಾಸು. 70 ಡಿಗ್ರಿಯಲ್ಲಿ ಪ್ಲೇಟಿನ ತಳ ಮುಟ್ಟೋಕೇ 117 ಮಿ.ಮೀ. ಬೇಕು. ರೂಟ್, ಅಂದ್ರೆ ವೆಲ್ಡ್‌ನ ತಳಭಾಗ, ಪೂರ್ತಿ ಅಳತೆಯಾಚೆ ಇತ್ತು.

ಮಧ್ಯಾಹ್ನ ನಮ್ಮ ಸೀನಿಯರ್ ಬಂದು ಪರದೆ ನೋಡಿದ್ರು. "ಬಲಗಡೆ ಇಷ್ಟು ಶಾಂತವಾಗಿದೆಯಲ್ಲಪ್ಪ. ಬ್ಲಾಕ್ ಮೇಲೆ ಇಟ್ಟು ತೋರಿಸು."

ಇಟ್ಟೆ. 30 ಮಿ.ಮೀ. ಆಳದ ಹೋಲ್ 80ರಲ್ಲಿ ನಿಲ್ಲಬೇಕಿತ್ತು. 35ರಲ್ಲಿ ನಿಂತಿತು.

"ಸರ್, ಬೆಳಿಗ್ಗೆ ಚೆಕ್ ಮಾಡಿರಲಿಲ್ಲ," ಅಂದೆ.

35 ಅಂದ್ರೆ 7 ಡಿಬಿ ಕಮ್ಮಿ. ಆ ಆಳದಲ್ಲಿ 24 ಪರ್ಸೆಂಟ್ ತೋರಿಸಬೇಕಾದ ದೋಷ 10 ತೋರಿಸುತ್ತೆ. 16ರ ಗೆರೆ ಕೆಳಗೆ ಸುಮ್ಮನೆ ಹೋಗಿಬಿಡುತ್ತೆ. ಕೋಡ್ ಇಲ್ಲಿ ಬಹಳ ಸ್ಪಷ್ಟ. ಬ್ಲಾಕ್ ಮೇಲಿನ ಮರುಪರೀಕ್ಷೆಯಲ್ಲಿ ಸೆನ್ಸಿಟಿವಿಟಿ, ಅಂದ್ರೆ ಅದೇ ಹೋಲ್‌ನ ಎಕೋ ಎತ್ತರ, 2 ಡಿಬಿಗಿಂತ ಜಾಸ್ತಿ ಏರಿದ್ದು ಗೊತ್ತಾದ್ರೆ, ಬರೆದಿಟ್ಟ ದೋಷಗಳನ್ನ ಮಾತ್ರ ಮತ್ತೆ ನೋಡಿದ್ರೆ ಸಾಕು. ಇಳಿದಿದ್ದು ಗೊತ್ತಾದ್ರೆ, ಕೊನೆಯ ಸರಿಯಾದ ಚೆಕ್ ಆದಮೇಲೆ ನೋಡಿದ್ದಷ್ಟನ್ನೂ ಮತ್ತೆ ನೋಡಬೇಕು. ಯಾಕೆಂದ್ರೆ ಏರಿದಾಗ ಬರೋದು ಸುಳ್ಳು ಗಾಬರಿ, ಇಳಿದಾಗ ಏನು ಕಂಡಿಲ್ಲ ಅನ್ನೋದೇ ಗೊತ್ತಿರಲ್ಲ.

ಹೊಸದಾಗಿ ಟಿಸಿಜಿ ಮಾಡಿ ಬೆಳಿಗ್ಗೆಯಿಂದ ನೋಡಿದ ಅಷ್ಟೂ ವೆಲ್ಡ್ ಪುನಃ ನೋಡಿದೆ. ರಾತ್ರಿ ಒಂಬತ್ತಾಯ್ತು. ಒಂದು ಕಡೆ, ರೂಟ್ ಹತ್ತಿರ, ಬೆಳಿಗ್ಗೆ ಏನೂ ಇಲ್ಲ ಅಂತ ಬಿಟ್ಟಿದ್ದ ಜಾಗದಲ್ಲಿ ಎಕೋ ಗೆರೆ ದಾಟಿತು. ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದೆ. ಮಾರನೇ ದಿನ ಆ ಜಾಗ ಗೌಜ್ ಮಾಡಿ, ಅಂದ್ರೆ ಲೋಹ ಕೆತ್ತಿ, ತೆಗೆದ್ರು. ಗ್ರೈಂಡ್ ಮಾಡಿದ ಮೇಲೆ ಹೊಳೆಯೋ ಲೋಹದ ನಡುವೆ ಪೆನ್ಸಿಲ್ ಗೀಟಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಇತ್ತು, ಫ್ಯೂಷನ್ ಆಗದೆ ಉಳಿದಿದ್ದ ಅಂಚು.

[ಕೊನೆಯ ಶಾಟ್: ಬ್ಲಾಕ್ ಮೇಲೆ ಪ್ರೋಬ್. ಪರದೆಯಲ್ಲಿ ಎಕೋ 80ರಲ್ಲಿ ನಿಂತಿದೆ.]